58 ದಾಟಿದರೂ ಪಿಎಫ್ ನಿಲ್ಲುವುದಿಲ್ಲ. ನಿಲ್ಲಬೇಕಾದ್ದು ಪಿಂಚಣಿ ವಂತಿಗೆ

ಮಾನ್ಯ ಸಂಪಾದಕರೇ,

‘ವಯಸ್ಸು ದಾಟಿತಲ್ಲ, ಇನ್ನು ನಿಮಗೆ ಪಿಎಫ್ ಇಲ್ಲ.’ ಪೀಣ್ಯದ ಷೆಡ್ಡುಗಳಲ್ಲಿ, ಬೊಮ್ಮಸಂದ್ರದ ಗೇಟುಗಳಲ್ಲಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ವಯಸ್ಸಾದ ಕಾರ್ಮಿಕರ ಕಿವಿಗೆ ಬೀಳುವ ಮಾತು ಇದು. ಹೇಳುವವರು ಕೆಲವೊಮ್ಮೆ ಗುತ್ತಿಗೆದಾರರ ಗುಮಾಸ್ತರು, ಕೆಲವೊಮ್ಮೆ ಎಚ್‌ಆರ್‌ನಲ್ಲಿ ಕೂತ ಹೊಸ ಹುಡುಗರು. ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಸುಳ್ಳು ಕಾರ್ಮಿಕರ ಲೆಕ್ಕದಿಂದ ತಿಂಗಳಿಗೆ 1,800 ರೂಪಾಯಿವರೆಗೂ ಕಿತ್ತುಕೊಳ್ಳುತ್ತದೆ. ಎರಡನ್ನೂ ಬಿಡಿಸಿ ಹೇಳಲು ಈ ಪತ್ರ. ಉದ್ದವಾಗಿದ್ದರೆ ಕ್ಷಮಿಸಿ, ಲೆಕ್ಕದ ವಿಷಯವನ್ನು ಮೊಟಕು ಮಾಡಿದರೆ ಮತ್ತೆ ಅರ್ಧ ನಿಜವೇ ಆಗುತ್ತದೆ.

ಗೊಂದಲದ ಬೇರು ಎರಡು ಬೇರೆ ಬೇರೆ ವಯಸ್ಸುಗಳಲ್ಲಿದೆ. ನೌಕರರ ಪಿಂಚಣಿ ಯೋಜನೆ 1995ರ ನವೆಂಬರ್ 16ರಂದು ಶುರುವಾದಾಗಿನಿಂದ ಅದರ ಸದಸ್ಯತ್ವ ಮುಗಿಯುವ ವಯಸ್ಸು 58. ಕರ್ನಾಟಕ ಸರ್ಕಾರ 2017ರಲ್ಲಿ ಸ್ಥಾಯಿ ಆದೇಶಗಳ (ಕಾರ್ಖಾನೆಯ ಸೇವಾ ಷರತ್ತುಗಳ) ನಿಯಮಕ್ಕೆ ತಿದ್ದುಪಡಿ ತಂದು ಕಾರ್ಖಾನೆ ಕಾರ್ಮಿಕರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಏರಿಸಿದ್ದು ಒಳ್ಳೆಯದೇ. ಆದರೆ ಪಿಂಚಣಿ ಯೋಜನೆ ಕೇಂದ್ರದ್ದು, ಅದು 58ರಲ್ಲೇ ನಿಂತಿತು. ಹಾಗಾಗಿ ನಮ್ಮ ರಾಜ್ಯದಲ್ಲಿ ಕಾಯಂ ಕೆಲಸದಲ್ಲಿದ್ದು 60ಕ್ಕೆ ನಿವೃತ್ತರಾಗುವ ಕಾರ್ಮಿಕರೆಲ್ಲ ಎರಡು ವರ್ಷ ಒಂದು ವಿಚಿತ್ರ ಸ್ಥಿತಿಯಲ್ಲಿರುತ್ತಾರೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ನೌಕರ, ಪಿಂಚಣಿ ಕಚೇರಿಯ ಲೆಕ್ಕದಲ್ಲಿ ಪಿಂಚಣಿದಾರ. ಆ 24 ತಿಂಗಳಲ್ಲಿ ಯಾವ ಹಣ ಎಲ್ಲಿಗೆ ಹೋಗಬೇಕು ಎಂಬುದು ಬಹಳ ಕಡೆ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಮೊದಲು ಸಾಮಾನ್ಯ ಲೆಕ್ಕ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂ. ಅಥವಾ ಅದಕ್ಕಿಂತ ಹೆಚ್ಚು, ಕಂಪನಿ 15,000ದ ಮಿತಿಗೇ ಪಿಎಫ್ ಕಟ್ಟುತ್ತದೆ ಎಂದಿಟ್ಟುಕೊಳ್ಳಿ. ಕಾರ್ಮಿಕನ ಸಂಬಳದಿಂದ 12%, ಅಂದರೆ 1,800 ರೂ. ಕಡಿತ. ಮಾಲೀಕರು ಕೊಡುವುದೂ 1,800. ಆದರೆ ಮಾಲೀಕರ 1,800 ಇಡಿಯಾಗಿ ಪಿಎಫ್‌ಗೆ ಸೇರುವುದಿಲ್ಲ. 8.33%, ಅಂದರೆ 1,250 ರೂ. ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 550 ಮಾತ್ರ ಪಿಎಫ್ ಖಾತೆಗೆ. 58 ತುಂಬಿದ ಮೇಲೆ ಪಿಂಚಣಿ ಸದಸ್ಯತ್ವವೇ ಮುಗಿಯುವುದರಿಂದ ಆ 1,250 ಅಲ್ಲಿಗೆ ಹೋಗುವಂತಿಲ್ಲ, ಮಾಲೀಕರ ಜೇಬಿನಲ್ಲಿ ಉಳಿಯುವಂತೆಯೂ ಇಲ್ಲ. ಪೂರ್ತಿ 1,800 ಕಾರ್ಮಿಕನ ಪಿಎಫ್ ಖಾತೆಗೇ ಬೀಳಬೇಕು. ಪಿಎಫ್‌ಗೆ ವಯಸ್ಸಿನ ಮೇಲ್ಮಿತಿ ಇಲ್ಲ. 61 ಆಗಲಿ, 67 ಆಗಲಿ, ಸದಸ್ಯನಾಗಿ ಕೆಲಸ ಮಾಡುತ್ತಿರುವವರೆಗೂ ಎರಡೂ ಕಡೆಯ 12% ಕಟ್ಟಲೇಬೇಕು.

ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಯಾರನ್ನೂ ಕೇಳಬೇಕಿಲ್ಲ, ಆನ್‌ಲೈನ್‌ನಲ್ಲಿ ಸಿಗುವ ಪಿಎಫ್ ಪಾಸ್‌ಬುಕ್ ತೆಗೆದರೆ ಸಾಕು. ಅದರಲ್ಲಿ ತಿಂಗಳಿಗೊಂದು ಸಾಲು, ಸಾಲಿಗೆ ಮೂರು ಮೊತ್ತ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ ವಂತಿಗೆ. 58ಕ್ಕೆ ಮುಂಚೆ 1,800, 550, 1,250 ಎಂದಿರುತ್ತದೆ. 58 ತುಂಬಿದ ಮರು ತಿಂಗಳಿನಿಂದ 1,800, 1,800, 0 ಎಂದಿರಬೇಕು. ಕೊನೆಯ ಅಂಕಣದಲ್ಲಿ ಇನ್ನೂ 1,250 ಕಾಣುತ್ತಿದ್ದರೆ ಕಂಪನಿ ತಪ್ಪು ಕಟ್ಟುತ್ತಿದೆ. ಮಧ್ಯದ ಅಂಕಣ 550ರಲ್ಲೇ ನಿಂತು ಕೊನೆಯದು ಸೊನ್ನೆಯಾಗಿದ್ದರೆ ಇನ್ನೂ ಕೆಟ್ಟದ್ದು, ತಿಂಗಳಿಗೆ 1,250 ಎಲ್ಲಿಗೂ ಬಂದಿಲ್ಲ ಎಂದರ್ಥ. 99660 44425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲಿಗೆ ಸಂದೇಶ ಬರುತ್ತದೆ ನಿಜ, ಆದರೆ ಅದು ಕೊನೆಯ ವಂತಿಗೆಯನ್ನೂ ಒಟ್ಟು ಶಿಲ್ಕನ್ನೂ ತಿಳಿಸುತ್ತದೆಯೇ ಹೊರತು ಪಿಂಚಣಿಯ ಪಾಲನ್ನು ಬೇರೆ ಮಾಡಿ ತೋರಿಸುವುದಿಲ್ಲ. ಪಾಸ್‌ಬುಕ್ಕೇ ನೋಡಬೇಕು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ ಇಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂದರೆ, ಬಹುಪಾಲು ಸಂಬಳದ ಸಾಫ್ಟ್‌ವೇರಿನಲ್ಲಿ. ಅದು 8.33%ನ್ನು ತಾನಾಗಿಯೇ ಬೇರೆ ಮಾಡುತ್ತದೆ. ಹುಟ್ಟಿದ ದಿನಾಂಕ ನೋಡಿ ನಿಲ್ಲಿಸು ಎಂದು ಅದಕ್ಕೆ ಹೇಳಿಕೊಟ್ಟಿರದಿದ್ದರೆ 60ರವರೆಗೂ, 65ರವರೆಗೂ ಹಾಗೇ ಕಡಿದು ಕಳಿಸುತ್ತಿರುತ್ತದೆ. ಪ್ರತಿ ತಿಂಗಳು ಕಂಪನಿ ಇಪಿಎಫ್‌ಒ (ಪಿಎಫ್ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಜಾಲತಾಣಕ್ಕೆ ಏರಿಸುವ ಇಸಿಆರ್ ಎಂಬ ವಂತಿಗೆ ಲೆಕ್ಕದ ಕಡತದಲ್ಲಿ ಒಬ್ಬ ನೌಕರನಿಗೆ ಒಂದು ಸಾಲು. ಯುಎಎನ್ (ಸದಸ್ಯನ ಪಿಎಫ್ ಗುರುತು ಸಂಖ್ಯೆ) ಮತ್ತು ಹೆಸರಿನ ನಂತರ ಒಟ್ಟು ಕೂಲಿ, ಪಿಎಫ್ ಕೂಲಿ, ಪಿಂಚಣಿ ಕೂಲಿ, ವಿಮೆಯ ಕೂಲಿ (ಅಂದರೆ ಆಯಾ ವಂತಿಗೆಯನ್ನು ಲೆಕ್ಕ ಹಾಕುವ ಕೂಲಿ), ಆಮೇಲೆ ಮೂರು ವಂತಿಗೆಗಳು: ನೌಕರರ ಪಾಲು, ಪಿಂಚಣಿ, ಮಾಲೀಕರ ಪಾಲು. 58 ದಾಟಿದವರ ಸಾಲು ಹೀಗಿರಬೇಕು: 18,000, 15,000, 0, 15,000, 1,800, 0, 1,800. ಮೂರನೆಯ ಜಾಗದಲ್ಲಿ ಸೊನ್ನೆ ಇದೆ, ನಾಲ್ಕನೆಯದರಲ್ಲಿ ಇಲ್ಲ, ಇದನ್ನು ಗಮನಿಸಿ. ಪಿಂಚಣಿ ಕೂಲಿಯ ಜೊತೆಗೆ ವಿಮೆಯ ಕೂಲಿಯನ್ನೂ ಸೊನ್ನೆ ಮಾಡಿಬಿಡುವುದು ಲೆಕ್ಕಿಗರು ಮಾಡುವ ಇನ್ನೊಂದು ತಪ್ಪು. ಅದರ ಮಾತು ಮುಂದೆ ಬರುತ್ತದೆ.

ತಪ್ಪಾಗಿ ಪಿಂಚಣಿ ನಿಧಿಗೆ ಹೋದ ಹಣದಿಂದ ಪಿಂಚಣಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಸೇವಾವಧಿಯನ್ನು 58ಕ್ಕೇ ಕಡಿದು ಲೆಕ್ಕ ಹಾಕುತ್ತಾರೆ. ಎರಡು ವರ್ಷ ಹಾಗೆ ನಡೆದರೆ 1,250ರಂತೆ 30,000 ರೂ. ಅಲ್ಲಿ ಸಿಕ್ಕಿಕೊಂಡಿರುತ್ತದೆ, ಅದರ ಮೇಲಿನ ಪಿಎಫ್ ಬಡ್ಡಿಯೂ ಇಲ್ಲ. 2023–24ರಲ್ಲೂ 2024–25ರಲ್ಲೂ ಪಿಎಫ್ ಬಡ್ಡಿ 8.25% ಇತ್ತು. ಸಾಲದ್ದಕ್ಕೆ ಪಿಂಚಣಿ ಅರ್ಜಿ ಹಾಕಿದಾಗ ‘58ರ ನಂತರವೂ ವಂತಿಗೆ ಬಂದಿದೆ, ಮಾಲೀಕರಿಂದ ಸ್ಪಷ್ಟನೆ ತನ್ನಿ’ ಎಂದು ಅರ್ಜಿ ವಾಪಸ್ ಬರಬಹುದು. ಸರಿಪಡಿಸುವ ದಾರಿ ಇದೆ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಷ್ಟೆಷ್ಟು ತಪ್ಪಾಗಿ ಹೋಗಿದೆ ಎಂಬ ಪಟ್ಟಿ, ಹುಟ್ಟಿದ ದಿನಾಂಕದ ದಾಖಲೆ ಮತ್ತು ಚಲನ್ ಪ್ರತಿಗಳೊಂದಿಗೆ ಮಾಲೀಕರು ಪ್ರಾದೇಶಿಕ ಪಿಎಫ್ ಕಚೇರಿಗೆ ಪತ್ರ ಬರೆದು, 10ನೇ ಲೆಕ್ಕದಲ್ಲಿರುವುದನ್ನು 1ನೇ ಲೆಕ್ಕಕ್ಕೆ ವರ್ಗಾಯಿಸಿ ಎಂದು ಕೇಳಬೇಕು. ಪಿಎಫ್ ಕಚೇರಿಯ ಭಾಷೆಯಲ್ಲಿ 1 ಎಂದರೆ ಭವಿಷ್ಯ ನಿಧಿ, 10 ಎಂದರೆ ಪಿಂಚಣಿ, 21 ಎಂದರೆ ವಿಮೆ. ಇಷ್ಟು ತಿಳಿದು ಮಾತಾಡಿದರೆ ಕೌಂಟರಿನಲ್ಲಿ ಅರ್ಧ ಕೆಲಸ ಆದಂತೆ. ಈ ಪತ್ರ ಮಾಲೀಕರಿಂದಲೇ ಹೋಗಬೇಕಾದ್ದರಿಂದ, ಕಂಪನಿ ಮುಚ್ಚಿದ್ದರೆ ಅಥವಾ ಗುತ್ತಿಗೆದಾರ ಬದಲಾಗಿದ್ದರೆ ಕಾರ್ಮಿಕನ ಪಾಡು ಹೇಳತೀರದು. ಅದಕ್ಕೇ 58 ತುಂಬಿದ ಮೊದಲ ತಿಂಗಳಲ್ಲೇ ಪಾಸ್‌ಬುಕ್ ನೋಡಿ ಎಂದು ಒತ್ತಿ ಹೇಳುತ್ತಿರುವುದು.

ಇನ್ನು ಪಿಂಚಣಿ. ಕೆಲಸ ಬಿಟ್ಟ ಮೇಲೆ ಮಾತ್ರ ಪಿಂಚಣಿ ಎಂದು ತುಂಬ ಜನ ನಂಬಿದ್ದಾರೆ. 58 ತುಂಬಿ 10 ವರ್ಷದ ಅರ್ಹ ಸೇವೆ ಇದ್ದರೆ, ಅದೇ ಕಾರ್ಖಾನೆಯಲ್ಲಿ ಅದೇ ಕುರ್ಚಿಯಲ್ಲಿ ಕೂತು ಸಂಬಳ ತೆಗೆದುಕೊಳ್ಳುತ್ತಲೇ ಪಿಂಚಣಿಯನ್ನೂ ಪಡೆಯಬಹುದು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯನ್ನು ಒಂದು ವರ್ಷವೆಂದು ಎಣಿಸುವುದರಿಂದ ಒಂಬತ್ತೂವರೆ ವರ್ಷ ಆಗಿದ್ದರೂ ಹತ್ತಾಗುತ್ತದೆ. ಅದಕ್ಕಿಂತ ಕಡಿಮೆಯಿದ್ದವರಿಗೆ ತಿಂಗಳ ಪಿಂಚಣಿ ಇಲ್ಲ, 10ಸಿ ನಮೂನೆಯಲ್ಲಿ ಅರ್ಜಿ ಹಾಕಿದರೆ ಒಂದು ಇಡುಗಂಟು ಸಿಗುತ್ತದೆ.

58ಕ್ಕೆ ಪಿಂಚಣಿ ತೆಗೆದುಕೊಳ್ಳಬೇಕೇ, 60ರವರೆಗೆ ಮುಂದೂಡಬೇಕೇ ಎಂಬುದು ಈ ವಿಷಯದ ತಿರುಳು. 2016ರ ತಿದ್ದುಪಡಿಯ ಪ್ರಕಾರ ಸದಸ್ಯ ಬಯಸಿದರೆ ಪಿಂಚಣಿಯನ್ನು 60ರವರೆಗೆ ಮುಂದೂಡಬಹುದು, 58ರ ನಂತರ ಪೂರ್ತಿಯಾದ ಪ್ರತಿ ವರ್ಷಕ್ಕೆ 4% ಹೆಚ್ಚಳ. ಮುಂದೂಡಿದ ಅವಧಿಗೆ ಪಿಂಚಣಿ ವಂತಿಗೆ ಕಟ್ಟದೆಯೂ ಇರಬಹುದು, ಕಟ್ಟಲೂಬಹುದು. ಮೇಲೆ ಹೇಳಿದ ‘1,250 ನಿಲ್ಲಬೇಕು’ ಎಂಬ ನಿಯಮಕ್ಕೆ ಇರುವ ಅಪವಾದ ಇದೊಂದೇ, ಅದೂ ಕಾರ್ಮಿಕ ಬರಹದಲ್ಲಿ ಆಯ್ಕೆ ಕೊಟ್ಟಿದ್ದರೆ ಮಾತ್ರ. ‘ನಾವು ನಿಮ್ಮ ಒಳ್ಳೆಯದಕ್ಕೇ ಕಟ್ಟುತ್ತಿದ್ದೆವು’ ಎಂದು ಕಂಪನಿ ಆಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ.

ಲೆಕ್ಕ ಹಾಕಿ ನೋಡೋಣ. 2008ರ ಸೆಪ್ಟೆಂಬರ್ 1ಕ್ಕೆ ಕೆಲಸಕ್ಕೆ ಸೇರಿ, 2025ರ ಆಗಸ್ಟ್ ಕೊನೆಗೆ 58 ತುಂಬಿಸಿದ ಕಾರ್ಮಿಕನನ್ನು ತೆಗೆದುಕೊಳ್ಳಿ. 17 ವರ್ಷ ಸೇವೆ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಪಿಂಚಣಿ ವೇತನವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. ಪಿಂಚಣಿ ವೇತನ ಎಂದರೆ ಕೊನೆಯ 60 ತಿಂಗಳ ಸರಾಸರಿ. ಆದರೆ 2014ರ ಸೆಪ್ಟೆಂಬರ್ 1ಕ್ಕೆ ಮುಂಚಿನ ವರ್ಷಗಳಿಗೆ ವೇತನದ ಮಿತಿ 6,500 ರೂ., ನಂತರದ್ದಕ್ಕೆ 15,000. ಇದನ್ನು ಮರೆತು ಪೂರ್ತಿ 15,000ದಿಂದ ಗುಣಿಸಿ ಕನಸು ಕಟ್ಟಿಕೊಳ್ಳುವವರು ಪಿಂಚಣಿ ಆದೇಶ ಕೈಗೆ ಬಂದಾಗ ‘ಕಡಿಮೆ ಹಾಕಿದ್ದಾರೆ’ ಎಂದು ಕಚೇರಿಗೆ ಓಡುತ್ತಾರೆ. ಇವರದ್ದು ಮೊದಲ 6 ವರ್ಷಕ್ಕೆ 557 ರೂ., ಆಮೇಲಿನ 11 ವರ್ಷಕ್ಕೆ 2,357 ರೂ., ಒಟ್ಟು ತಿಂಗಳಿಗೆ 2,914. (20 ವರ್ಷ ಸೇವೆ ಮುಗಿಸಿ 58ಕ್ಕೆ ನಿವೃತ್ತರಾಗುವವರಿಗೆ ಲೆಕ್ಕದಲ್ಲಿ ಇನ್ನೆರಡು ವರ್ಷ ಸೇರುತ್ತದೆ, ಇವರಿಗೆ ಅದಿಲ್ಲ.)

ವಂತಿಗೆ ಕಟ್ಟದೆ 60ರವರೆಗೆ ಮುಂದೂಡಿದರೆ ಪಿಂಚಣಿ ತಿಂಗಳಿಗೆ ಸುಮಾರು 235 ರೂ. ಹೆಚ್ಚುತ್ತದೆ. ಅದಕ್ಕಾಗಿ ಬಿಟ್ಟುಕೊಟ್ಟದ್ದು 24 ತಿಂಗಳ 2,914, ಹೆಚ್ಚುಕಡಿಮೆ 70,000 ರೂ. ತಿಂಗಳಿಗೆ 235ರಂತೆ ಆ 70,000 ವಾಪಸ್ ಬರಲು ಸುಮಾರು 25 ವರ್ಷ ಬೇಕು. ಆಗ ವಯಸ್ಸು 85. ಬಡ್ಡಿಯ ಮಾತೇ ಬೇಡ. ವಂತಿಗೆಯಿಲ್ಲದ ಮುಂದೂಡಿಕೆಯಿಂದ ಕೂಲಿ ಕಾರ್ಮಿಕರಿಗೆ ಲಾಭವಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ‘4% ಜಾಸ್ತಿ ಸಿಗುತ್ತೆ’ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಕಾಗದ ಪೆನ್ನು ತೆಗೆದುಕೊಂಡು ಇಷ್ಟು ಗುಣಿಸಿ ತೋರಿಸಿ.

ವಂತಿಗೆ ಕಟ್ಟುತ್ತಾ ಮುಂದೂಡಿದರೆ ಚಿತ್ರ ಬೇರೆ. ಸೇವೆ 19 ವರ್ಷವಾಗುತ್ತದೆ, ಮೂಲ ಪಿಂಚಣಿ 3,343, ಅದರ ಮೇಲೆ ಎರಡು ವರ್ಷದ ಹೆಚ್ಚಳ ಸೇರಿ 3,600ರ ಆಸುಪಾಸು. ಅಂದರೆ ತಿಂಗಳಿಗೆ ಸುಮಾರು 700 ಹೆಚ್ಚು. ಬಿಟ್ಟುಕೊಟ್ಟದ್ದು 70,000 ಪಿಂಚಣಿ, ಜೊತೆಗೆ ಪಿಎಫ್‌ಗೆ ಬರಬೇಕಿದ್ದ 30,000. ಒಂದು ಲಕ್ಷ ವಸೂಲಾಗಲು ಸುಮಾರು 12 ವರ್ಷ, 72ನೇ ವಯಸ್ಸು. ಬಡ್ಡಿ ಸೇರಿಸಿದರೆ ಇನ್ನಷ್ಟು ಮುಂದೆ. ಆರೋಗ್ಯ ಗಟ್ಟಿಯಾಗಿದ್ದು, ಮನೆಯಲ್ಲಿ ದೀರ್ಘಾಯುಷ್ಯದ ವಂಶವಿದ್ದು, ಎರಡು ವರ್ಷ ಸಂಬಳದಲ್ಲೇ ಸಂಸಾರ ನಡೆಯುವುದಾದರೆ ಇದನ್ನು ಯೋಚಿಸಬಹುದು. ಸಾಲವಿದ್ದವರು, ಬಿಪಿ–ಸಕ್ಕರೆ ಇದ್ದವರು 58ಕ್ಕೇ ತೆಗೆದುಕೊಂಡು, ಮಾಲೀಕರ ಪೂರ್ತಿ 12% ಪಿಎಫ್‌ಗೆ ಬೀಳಿಸಿಕೊಳ್ಳುವುದು ಮೇಲು. ಈ ಪಿಂಚಣಿಗೆ ತುಟ್ಟಿಭತ್ಯೆ ಸೇರುವುದಿಲ್ಲ, ಇವತ್ತಿನ 2,914 ಹತ್ತು ವರ್ಷ ಬಿಟ್ಟೂ 2,914 ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಪಿಂಚಣಿಗೆ 10ಡಿ ನಮೂನೆ. ಆಧಾರ್ ಜೋಡಣೆಯಾದ ಯುಎಎನ್ ಇದ್ದರೆ ಸದಸ್ಯರ ಪೋರ್ಟಲಿನಲ್ಲೇ ಹಾಕಬಹುದು. ಹಾಕುವ ಮುನ್ನ ಸೇವಾ ಇತಿಹಾಸದ ಪುಟ ತೆರೆದು ನೋಡಿ. ಪಿಎಫ್ ಸೇರಿದ ದಿನ, ಬಿಟ್ಟ ದಿನ, ಪಿಂಚಣಿ ಸೇರಿದ ದಿನ, ಬಿಟ್ಟ ದಿನ ಎಂದು ಬೇರೆ ಬೇರೆ ಇರುತ್ತದೆ. ಕೆಲಸದಲ್ಲಿ ಮುಂದುವರಿಯುವವರಿಗೆ ಪಿಎಫ್ ಬಿಟ್ಟ ದಿನ ಖಾಲಿಯೇ ಇರಬೇಕು, ಪಿಂಚಣಿ ಬಿಟ್ಟ ದಿನ ಮಾತ್ರ ತುಂಬಿರಬೇಕು. ಕಂಪನಿಯವರು ಎರಡಕ್ಕೂ ದಿನಾಂಕ ಹಾಕಿಬಿಟ್ಟರೆ ಮುಂದಿನ ತಿಂಗಳ ಪಿಎಫ್ ಕಟ್ಟುವಾಗ ತೊಡಕು. ಅರ್ಜಿಗೆ ಗಂಡ–ಹೆಂಡತಿ ಒಟ್ಟಿಗಿರುವ ಫೋಟೊ, ಬ್ಯಾಂಕ್ ಖಾತೆಯ ವಿವರ, 25 ವರ್ಷದೊಳಗಿನ ಮಕ್ಕಳಿದ್ದರೆ ಅವರ ವಿವರ ಬೇಕು. ತಡವಾಗಿ ಹಾಕಿದರೂ 58 ತುಂಬಿದ ಮರುದಿನದಿಂದ ಬಾಕಿ ಸಿಗುತ್ತದೆ, ಆ ಬಾಕಿಗೆ ಬಡ್ಡಿ ಸಿಗುವುದಿಲ್ಲ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದು, ಹಾಗಾಗಿ ಊರಿಗೆ ಹೋಗಿ ನೆಲೆಸುವವರು ಖಾತೆ ಬದಲಾಯಿಸುವ ಗೊಡವೆಗೆ ಹೋಗಬೇಕಿಲ್ಲ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡುವುದನ್ನು ಮಾತ್ರ ಮರೆಯಬಾರದು. ನವೆಂಬರಿನಲ್ಲೇ ಕೊಡಬೇಕೆಂದಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ಚಾಲ್ತಿ.

ಈ ಎಲ್ಲಕ್ಕೂ ಬುಡದಲ್ಲಿರುವುದು ಹುಟ್ಟಿದ ದಿನಾಂಕ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಮಗೆ ತೋಚಿದಂತೆ ಜೂನ್ 1 ಎಂದು ಬರೆದದ್ದು ಒಂದು, ಆಧಾರ್ ಮಾಡಿಸುವಾಗ ಬಾಯಲ್ಲಿ ಹೇಳಿದ್ದು ಇನ್ನೊಂದು, ಕೆಲಸಕ್ಕೆ ಸೇರುವಾಗ ಏಜೆಂಟ್ ಬರೆಸಿದ್ದು ಮತ್ತೊಂದು. ಪಿಎಫ್ ದಾಖಲೆಯಲ್ಲಿ ವಯಸ್ಸು ಎರಡು ವರ್ಷ ಹೆಚ್ಚಿದ್ದರೆ ಪಿಂಚಣಿ ವಂತಿಗೆ ಎರಡು ವರ್ಷ ಮುಂಚೆಯೇ ನಿಲ್ಲುತ್ತದೆ. 8 ವರ್ಷ ಸೇವೆಯಾದವರು 10ರ ಗೆರೆ ಮುಟ್ಟದೆ ಉಳಿಯುವುದು ಹೀಗೆಯೇ. 2024ರ ಜನವರಿಯಲ್ಲಿ ಹುಟ್ಟಿದ ದಿನಾಂಕದ ತಿದ್ದುಪಡಿಗೆ ಬೇಕಾದ ಪುರಾವೆಗಳ ಪಟ್ಟಿಯಿಂದ ಆಧಾರ್ ಕಾರ್ಡನ್ನು ಪಿಎಫ್ ಕಚೇರಿ ಕೈಬಿಟ್ಟಿತು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ವರ್ಗಾವಣೆ ಪತ್ರ, ಪಾಸ್‌ಪೋರ್ಟ್, ಪ್ಯಾನ್ ಇಂಥವು ಬೇಕು. ಯಾವುದೂ ಇಲ್ಲದವರಿಗೆ ಸಿವಿಲ್ ಸರ್ಜನ್ ಪರೀಕ್ಷಿಸಿ ಕೊಟ್ಟ ವಯಸ್ಸಿನ ಪತ್ರದ ಜೊತೆ ಅಫಿಡವಿಟ್. 57ರಲ್ಲಿ ಶುರು ಮಾಡಿದರೆ 58ರ ಹೊತ್ತಿಗೆ ಸರಿಯಾಗಿರುತ್ತದೆ, 58ರಲ್ಲಿ ಶುರು ಮಾಡಿದರೆ ಪಿಂಚಣಿ ಅಷ್ಟು ತಡ.

ಇನ್ನು 60 ದಾಟಿದ ಮೇಲಿನ ಮಾತು. ನಿವೃತ್ತರಾದವರನ್ನೇ ಕಂಪನಿ ಮತ್ತೆ ಗುತ್ತಿಗೆಯ ಮೇಲೆ ಕರೆಯುತ್ತದೆ, ಇಲ್ಲವೇ ಅವರು ಸೆಕ್ಯುರಿಟಿ ಏಜೆನ್ಸಿಗೆ ಸೇರುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ, ಗೊತ್ತಿರುವವರು ಕಡಿಮೆ. 55 ದಾಟಿ ನಿವೃತ್ತರಾಗಿ ಪಿಎಫ್ ಹಣವನ್ನು ಪೂರ್ತಿ ತೆಗೆದುಕೊಂಡವರು ಮತ್ತೆ ಕೆಲಸಕ್ಕೆ ಸೇರಿದರೆ ಕಾನೂನಿನ ಕಣ್ಣಲ್ಲಿ ‘ಹೊರತುಪಡಿಸಿದ ನೌಕರ’ರು. ಅವರಿಗೆ ಪಿಎಫ್ ಕಟ್ಟಲೇಬೇಕೆಂಬ ಕಡ್ಡಾಯ ಹೊಸ ಮಾಲೀಕರಿಗಿಲ್ಲ. ಪೂರ್ತಿ ತೆಗೆಯದೆ ಖಾತೆ ಉಳಿಸಿಕೊಂಡವರು ಸದಸ್ಯರಾಗಿಯೇ ಇರುತ್ತಾರೆ, ಅವರಿಗೆ ಕಟ್ಟಲೇಬೇಕು. ಒಂದೇ ಗೇಟಿನಲ್ಲಿ ನಿಂತ 62 ವರ್ಷದ ಇಬ್ಬರು ಗಾರ್ಡ್‌ಗಳಲ್ಲಿ ಒಬ್ಬರಿಗೆ ತಿಂಗಳಿಗೆ 1,800 ಮಾಲೀಕರ ಪಾಲು ಬರುವುದು, ಇನ್ನೊಬ್ಬರಿಗೆ ಬಾರದಿರುವುದು ಈ ಕಾರಣಕ್ಕೆ.

ಆದ್ದರಿಂದ ನಿವೃತ್ತಿಯ ಬೆನ್ನಿಗೇ ಮತ್ತೆ ದುಡಿಯುವ ಯೋಚನೆಯಿದ್ದರೆ, ಮಗಳ ಮದುವೆಯಂಥ ತುರ್ತಿಲ್ಲದಿದ್ದರೆ, ಪಿಎಫ್ ಹಣ ಪೂರ್ತಿ ತೆಗೆಯುವ 19ನೇ ನಮೂನೆ ತುಂಬಲು ಆತುರಪಡಬೇಡಿ. ಹೊಸ ಕೆಲಸಕ್ಕೆ ಸೇರುವಾಗ 11ನೇ ನಮೂನೆಯಲ್ಲಿ ಹಳೆಯ ಯುಎಎನ್ ಬರೆಯಿರಿ, ಪಿಂಚಣಿ ಬರುತ್ತಿದ್ದರೆ ಆದೇಶದ ಸಂಖ್ಯೆಯನ್ನೂ ತಿಳಿಸಿ. ಹೊಸ ಯುಎಎನ್ ಮಾಡಿಸಲು ಬಿಡಬೇಡಿ. ಒಬ್ಬರಿಗೆ ಎರಡು ಯುಎಎನ್ ಆದರೆ ಒಂದು ಕಡೆಯ ಹಣ ಇನ್ನೊಂದಕ್ಕೆ ಸೇರಿಸಲು ವರ್ಷ ಕಳೆಯುತ್ತದೆ. ಹಾಗೆಂದು ಸುಮ್ಮನೆ ಬಿಟ್ಟುಕೊಂಡೂ ಕೂರುವಂತಿಲ್ಲ: ನಿವೃತ್ತಿಯಾಗಿ ಯಾವ ವಂತಿಗೆಯೂ ಬಾರದೆ 36 ತಿಂಗಳು ಕಳೆದರೆ ಖಾತೆ ನಿಷ್ಕ್ರಿಯ, ಆಮೇಲೆ ಬಡ್ಡಿ ಇಲ್ಲ.

ಮೊದಲ ಬಾರಿಗೆ 58ರ ನಂತರವೇ ಪಿಎಫ್ ಇರುವ ಕೆಲಸಕ್ಕೆ ಸೇರುವವರೂ ಇದ್ದಾರೆ. ಬೇಸಾಯ ಬಿಟ್ಟು ನಗರಕ್ಕೆ ಬಂದು ಗಾರ್ಡ್ ಆಗುವವರು, ಮನೆಯಲ್ಲಿದ್ದು ಹೌಸ್‌ಕೀಪಿಂಗ್‌ಗೆ ಹೋಗುವ ಹೆಂಗಸರು. ವೇತನ 15,000ದೊಳಗಿದ್ದರೆ ಅವರೂ ಪಿಎಫ್ ಸದಸ್ಯರಾಗಲೇಬೇಕು. ಪಿಂಚಣಿಗೆ ಮಾತ್ರ ಅವರು ಸೇರುವುದಿಲ್ಲ, ಮಾಲೀಕರ 12% ಇಡಿಯಾಗಿ ಪಿಎಫ್‌ಗೆ. 50 ದಾಟಿದ ಮೇಲೆ, 58ಕ್ಕೆ ಮುಂಚೆಯೇ ಕಡಿತದ ಪಿಂಚಣಿ ಪಡೆಯುತ್ತಾ ಮತ್ತೆ ಕೆಲಸಕ್ಕೆ ಸೇರಿದವರದ್ದೂ ಇದೇ ಲೆಕ್ಕ.

ವಿಮೆಯ ಮಾತು ಬಾಕಿ ಇತ್ತು. ಪಿಎಫ್ ಜೊತೆಗೇ ಅಂಟಿಕೊಂಡ ಠೇವಣಿ ಆಧಾರಿತ ವಿಮೆಗೆ ಮಾಲೀಕರು ವೇತನದ 0.5%, ಅಂದರೆ 15,000ಕ್ಕೆ 75 ರೂ. ಕಟ್ಟುತ್ತಾರೆ. ಕಾರ್ಮಿಕನದ್ದು ಒಂದು ಕಾಸೂ ಇಲ್ಲ. 58ಕ್ಕೆ ಪಿಂಚಣಿ ವಂತಿಗೆ ನಿಂತರೂ ಈ 75 ನಿಲ್ಲುವಂತಿಲ್ಲ, ಪಿಎಫ್ ಕಟ್ಟುವವರೆಗೂ ಕಟ್ಟಬೇಕು. ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂ. ಸಿಗುತ್ತದೆ. ಕೊನೆಯ 12 ತಿಂಗಳ ಸರಾಸರಿ ವೇತನದ 35 ಪಟ್ಟು, ಅದಕ್ಕೆ ಪಿಎಫ್ ಶಿಲ್ಕಿನ ಸರಾಸರಿಯ ಅರ್ಧ, ಈ ಅರ್ಧಕ್ಕೆ 1,75,000ದ ಮಿತಿ. 61ನೇ ವಯಸ್ಸಿನ ಗಾರ್ಡ್ ರಾತ್ರಿ ಪಾಳಿಯಲ್ಲಿ ಹೃದಯಾಘಾತವಾಗಿ ಹೋದರೆ ಹೆಂಡತಿಗೆ 5 ಲಕ್ಷಕ್ಕಿಂತ ಹೆಚ್ಚು ಬರುವುದೂ ಏನೂ ಬಾರದಿರುವುದೂ ಆ ತಿಂಗಳು 75 ರೂ.ಯ ಸಾಲು ಚಲನ್‌ನಲ್ಲಿತ್ತೇ ಎಂಬುದರ ಮೇಲೆ ಜಗ್ಗಾಟಕ್ಕೆ ಬೀಳುತ್ತದೆ. ನಾಮಿನಿ ಹೆಸರು ಆನ್‌ಲೈನ್‌ನಲ್ಲಿ ದಾಖಲಾಗಿದೆಯೇ ಎಂದೂ ನೋಡಿಕೊಳ್ಳಿ.

ಇಎಸ್‌ಐ (ಕಾರ್ಮಿಕರ ಚಿಕಿತ್ಸೆ, ಕಾಯಿಲೆ ರಜೆಯ ವಿಮೆ) ಬಗ್ಗೆ ಬೇಗ ಹೇಳಿಬಿಡಬಹುದು, ಏಕೆಂದರೆ ಅಲ್ಲಿ ವಯಸ್ಸಿನ ತಕರಾರೇ ಇಲ್ಲ. ತಿಂಗಳ ಕೂಲಿ 21,000 ರೂ. ಒಳಗಿದ್ದರೆ 30 ವರ್ಷದವರಿಗೂ 68 ವರ್ಷದವರಿಗೂ ಒಂದೇ ದರ: ಕಾರ್ಮಿಕನಿಂದ 0.75%, ಮಾಲೀಕರಿಂದ 3.25%. 18,000 ಕೂಲಿಗೆ 135 ಮತ್ತು 585. ‘ಸೀನಿಯರ್ ಸಿಟಿಜನ್‌ಗೆ ಇಎಸ್‌ಐ ಇಲ್ಲ’ ಎನ್ನುವ ಗುತ್ತಿಗೆದಾರ ಉಳಿಸಿಕೊಳ್ಳುವುದು ಆ 585. ಕಳೆದುಕೊಳ್ಳುವ ಕಾರ್ಮಿಕನಿಗೆ ಆ ವಯಸ್ಸಿನಲ್ಲೇ ಆಸ್ಪತ್ರೆ ಹೆಚ್ಚು ಬೇಕಾಗಿರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಅದಕ್ಕೆ ಹೊಂದಿದ ಆರು ತಿಂಗಳಲ್ಲಿ ಕಾಯಿಲೆ ರಜೆಗೆ ಕೂಲಿಯ 70% ಸಿಗುತ್ತದೆ. ಗುತ್ತಿಗೆದಾರ ತಿಂಗಳು ಬಿಟ್ಟು ತಿಂಗಳು ಹೆಸರು ಸೇರಿಸಿ ತೆಗೆದು ಮಾಡಿದರೆ ಈ 78 ಮುಟ್ಟುವುದಿಲ್ಲ, ಹಾಗಾಗಿ ದಿನ ಎಣಿಸಿ.

ಕೆಲಸ ಪೂರ್ತಿ ಬಿಟ್ಟ ಮೇಲೂ ಇಎಸ್‌ಐ ಚಿಕಿತ್ಸೆ ಪಡೆಯುವ ದಾರಿಯಿದೆ. ಕನಿಷ್ಠ 5 ವರ್ಷ ವಿಮಾ ವ್ಯಾಪ್ತಿಯ ಕೆಲಸದಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂ. ಕಟ್ಟಿದರೆ ತಮಗೂ ಬಾಳಸಂಗಾತಿಗೂ ಚಿಕಿತ್ಸೆ ಸಿಗುತ್ತದೆ. ವರ್ಷಕ್ಕೆ 120, ತಿಂಗಳಿಗಲ್ಲ. ಇದಕ್ಕೆ ಮಾಲೀಕರು ‘ವಯೋನಿವೃತ್ತಿ’ ಎಂದೇ ಪತ್ರ ಕೊಡಬೇಕು. ಬಿಡುಗಡೆ ಪತ್ರದಲ್ಲಿ ‘ರಾಜೀನಾಮೆ’ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುವ ಕಂಪನಿಗಳಿವೆ. ಲೆಕ್ಕ ಚುಕ್ತಾ ಮಾಡಿ ಸಹಿ ಹಾಕುವ ಮುಂಚೆ ಆ ಒಂದು ಪದ ಓದಿ.

ದೂರು ಕೊಡಲು ಇಪಿಎಫ್‌ಒದ ಆನ್‌ಲೈನ್ ದೂರು ವ್ಯವಸ್ಥೆಯಿದೆ. ಕಾಗದ ಹಿಡಿದು ಎದುರಿಗೆ ಮಾತಾಡಬೇಕೆನ್ನುವವರಿಗೆ ಪ್ರತಿ ತಿಂಗಳು 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರ ಉತ್ತಮ. ಹೋಗುವಾಗ ಪಾಸ್‌ಬುಕ್ ಪ್ರಿಂಟಿನಲ್ಲಿ ತಪ್ಪು ತಿಂಗಳುಗಳಿಗೆ ಕೆಂಪು ಗೆರೆ ಎಳೆದು, ಪೇ ಸ್ಲಿಪ್ ಜೋಡಿಸಿ, ಎಷ್ಟು ರೂಪಾಯಿ ಎಲ್ಲಿಂದ ಎಲ್ಲಿಗೆ ಎಂದು ಅರ್ಧ ಪುಟದಲ್ಲಿ ಬರೆದುಕೊಂಡು ಹೋಗಿ.

2016ರಲ್ಲಿ ಪಿಎಫ್‌ನ ಮಾಲೀಕರ ಪಾಲನ್ನು 58ರವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗಿಳಿದು ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಅವತ್ತು 48–49ರಲ್ಲಿದ್ದವರು ಈಗ ಅದೇ 58ರ ಬಾಗಿಲಲ್ಲಿದ್ದಾರೆ. ಕಂಪನಿಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. 57 ತುಂಬಿದವರ ಪೇ ಸ್ಲಿಪ್ ಜೊತೆ ಕನ್ನಡದಲ್ಲಿ ಒಂದು ಚೀಟಿ: ನಿಮ್ಮ ಹುಟ್ಟಿದ ದಿನಾಂಕ ನಮ್ಮ ದಾಖಲೆಯಲ್ಲಿ ಇಂಥದ್ದು, ಇಂಥ ತಿಂಗಳಿನಿಂದ ಪಿಂಚಣಿ ವಂತಿಗೆ ನಿಲ್ಲುತ್ತದೆ, 10ಡಿ ಹಾಕುತ್ತೀರೋ ಮುಂದೂಡುತ್ತೀರೋ ಗುರುತು ಹಾಕಿ ಸಹಿ ಮಾಡಿ. ಪ್ರಾದೇಶಿಕ ಪಿಎಫ್ ಕಚೇರಿಗಳೂ ಯಾರ ಖಾತೆಗೆ 58ರ ನಂತರ 1,250 ಬರುತ್ತಿದೆ ಎಂಬ ಪಟ್ಟಿಯನ್ನು ತಾವಾಗಿಯೇ ತೆಗೆದು ಆ ಕಂಪನಿಗಳಿಗೆ ಪತ್ರ ಬರೆಯಲಿ. ಹುಟ್ಟಿದ ದಿನಾಂಕವೂ ವಂತಿಗೆಯೂ ಅವರ ಕಂಪ್ಯೂಟರಿನಲ್ಲೇ ಇವೆ.

ಇಂತಿ,
ಪಿಎಫ್–ಇಎಸ್‌ಐ ಕಾಗದಪತ್ರ ನೋಡಿಕೊಳ್ಳುವ ಓದುಗರು
ಪೀಣ್ಯ, ಬೆಂಗಳೂರು